ಎರಡನೇ ಕುರ್ಚಿಯ ಗ್ಲೆನ್ನಾ

...ಏಳ್ಬೇಡ, ಏಳ್ಬೇಡ ಅಂದ್ನಲ್ಲ! ಈಗ ಆ ಕುರ್ಚಿ ನಿಂದು. ನಿನ್ನೆಯಿಂದ ಹುಡುಗೀರ ಬ್ಯಾಸ್ಕೆಟ್‌ಬಾಲ್ ಟೀಮಿಗೆ ನೀನು ಹೆಡ್ ಕೋಚು, ಟ್ರಿನಾ ವಾವ್ರಾ. ಪೇಪರಲ್ಲಿ ಫೋಟೋ ಬೇರೆ! ನಾನು ಇಲ್ಲೇ ನಿಂತ್ಕೋತೀನಿ ಬಿಡು. ಇಪ್ಪತ್ಮೂರು ವರ್ಷ ಈ ಮೇಜಿನ ಈಚೆ ಕಡೆನೇ ನಿಂತಿದ್ದು, ಕಾಲಿಗೆ ಅಭ್ಯಾಸ ಆಗಿಹೋಗಿದೆ.

ಯಾಕೆ ನಗ್ತೀಯಾ? ನಗು, ನಗು. ಹದಿನೇಳು ವರ್ಷದ ಹುಡುಗಿ ಇದ್ದಾಗ ನಿನ್ನನ್ನ ಈ ಕಾಲೇಜಿಗೆ ಕರ್ಕೊಂಡ್ ಬಂದೋಳು ನಾನು. ಇವತ್ತು ನನ್ನನ್ನ ಇಟ್ಕೋಬೇಕೋ ಕಳಿಸ್ಬೇಕೋ ಅಂತ ತೀರ್ಮಾನ ಮಾಡೋಳು ನೀನು. ನಗು ಬರದೆ ಇನ್ನೇನು ಬರುತ್ತೆ! ಹೆಡ್ ಕೋಚ್ ಹೋದ ಅಂದ್ರೆ ಅವನ ಹಿಂದೇನೇ ಅಸಿಸ್ಟೆಂಟುಗಳೂ ಗಂಟುಮೂಟೆ ಕಟ್ಬೇಕು, ನಮ್ಮ ಕಸುಬಿನ ಪದ್ಧತಿ ಅದು. ಹೊಸಬರು ಬಂದು "ನೀನಿರು" ಅಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನನಗೆ ಮೂರು ಸಲ ಹಾಗಂದ್ರು, ಮೂರು ಜನ ಗಂಡಸರು. ಕಾಲೇಜಿನೋರಿಗೆ ಮಾತ್ರ ಒಂದು ಸಲಾನೂ "ಗ್ಲೆನ್ನಾ, ನೀನೇ ಕೂರಮ್ಮ ಅಲ್ಲಿ" ಅನ್ನೋ ಬುದ್ಧಿ ಬರ್ಲಿಲ್ಲ.

ಎಂಥೆಂಥೋರು ಕೂತ್ರು ಗೊತ್ತಾ ಅಲ್ಲಿ? ಮೊದಲ್ನೇವ್ನಿಗೆ ಹುಡುಗೀರ ಹೆಸರೇ ನೆನಪಿರ್ತಿರ್ಲಿಲ್ಲ. ಅಂಗಿ ನಂಬರ್ ಹಿಡಿದು ಕೂಗೋನು. ಹನ್ನೆರಡು! ಇಪ್ಪತ್ತೊಂದು! ಜೈಲಲ್ಲಿ ಹಾಜರಿ ತಗೊಂಡ ಹಾಗೆ! ಎರಡನೇವ್ನು ನಿನ್ನ ಕಾಲದೋನು, ನಿನಗೇ ಗೊತ್ತಲ್ಲ, ಸೋತಾಗೆಲ್ಲ ಬಸ್ಸಿನ ಮುಂದಿನ ಸೀಟಲ್ಲಿ ಕೂತು ಗೊಳೋ ಅಂತ ಅಳೋನು. ಹುಡುಗೀರೇ ಅವನಿಗೆ ಸಮಾಧಾನ ಮಾಡ್ಬೇಕು! ಮೊನ್ನೆ ಹೋದ ಮೂರನೇವ್ನು, ಈ ರಪರ್ಟು... ಬಿಳೀ ಹಲಗೆ ಮೇಲೆ ಬಾಣ ಬರೆದೂ ಬರೆದೂ, ಯಾವ ಬಾಣ ಎಲ್ಲಿಗೆ ಹೋಗುತ್ತೆ ಅಂತ ಕೊನೆಗೆ ಅವನಿಗೇ ತಿಳೀತಿರ್ಲಿಲ್ಲ. ಅಲ್ಲಾ, ಬಾಣದ ತುದೀಲಿ ಓಡೋಕೆ ಹುಡುಗೀರು ಬೇಕಲ್ಲ! ಅವರನ್ನ ತರೋರು ಯಾರು? ಗೆದ್ದಾಗ ಅವನ ಫೋಟೋ, ಸೋತಾಗ "ಗ್ಲೆನ್ನಾ ತಂದ ಹುಡುಗೀರು ಸರಿಯಿಲ್ಲ". ಥೂ!

ಜುಲೈ ಅಂದ್ರೆ ಇಡೀ ಅಯೋವಾ ರಾಜ್ಯಕ್ಕೇ ರಜಾ. ನನಗೆ? ಹೈಸ್ಕೂಲ್ ಹುಡುಗೀರ ಪಂದ್ಯ ನೋಡ್ತಾ ಕೂರೋ ಮರದ ಮೆಟ್ಟಿಲು. ಒಂದೇ ಸೂರಿನ ಕೆಳಗೆ ಎಂಟು ಅಂಕಣ, ಎಂಟು ಸೀಟಿ, ಬೆಳಿಗ್ಗೆಯಿಂದ ಸಂಜೆವರೆಗೂ ಪೀಂ ಪೀಂ ಅಂತ. ಕಾಲೇಜಿನ ಹೆಸರು ಹೊಲಿದ ಅಂಗಿ ಹಾಕ್ಕೊಂಡು ಹುಡುಗಿ ಕಣ್ಣಿಗೆ ಬೀಳೋ ಹಾಗೆ ಕೂರ್ಬೇಕು. ಮಾತಾಡೋ ಹಾಗಿಲ್ಲ, ನಿಯಮ! ಸುಮ್ನೆ ಕಾಣಿಸ್ಕೋಬೇಕು. ನನ್ನ ಅಕ್ಕಪಕ್ಕದ ಗಂಡಸರೆಲ್ಲ ಚೆಂಡು ನೋಡ್ತಾರೆ. ಎಷ್ಟು ಹಾಕಿದ್ಲು, ಎಷ್ಟೆತ್ತರ ನೆಗೆದ್ಲು ಅಂತ ಬರ್ಕೋತಾರೆ, ಪೆದ್ದು ಮುಂಡೇವು! ನಾನು ಬೆಂಚು ನೋಡ್ತೀನಿ. ಆಟದಿಂದ ಹೊರಗೆ ಕರೆದಾಗ ಹುಡುಗಿ ಹೆಂಗೆ ಬಂದು ಕೂರ್ತಾಳೆ? ಟವೆಲ್ ಎಸೀತಾಳಾ? ಅಮ್ಮ ನೀರಿನ ಬಾಟ್ಲು ಕೊಟ್ರೆ ಮುಖ ತಿರುಗಿಸ್ತಾಳಾ? ಅಮ್ಮನ ಮೇಲೆ ರೇಗೋಳ ಹೆಸರು ನಾನು ಬರ್ಕೊಳ್ಳೋದೇ ಇಲ್ಲ, ಮೂವತ್ತು ಪಾಯಿಂಟ್ ಹಾಕ್ಲಿ ಬೇಕಾದ್ರೆ. ಇವತ್ತು ಅಮ್ಮನ ಮೇಲೆ ರೇಗಿದೋಳು ನಾಳೆ ನನ್ನ ಮೇಲೆ ರೇಗಲ್ವಾ?

ಆಮೇಲೆ ಆ ಹುಡುಗೀರ ಮನೆಗೆ ಹೋಗ್ಬೇಕು. ಅದಕ್ಕೆ ಹೊಟ್ಟೆ ಬೇಕು ಕಣೇ, ತಲೆ ಅಲ್ಲ! ಬಡಿಸಿದ್ದನ್ನೆಲ್ಲ ತಿನ್ಬೇಕು. ಕರಿದ ಹಂದಿಮಾಂಸ, ಬೆಣ್ಣೆ ಸುರಿದ ಜೋಳದ ತೆನೆ, ಅದು ಸಾಲ್ದು ಅಂತ ಹಸಿರು ಜೆಲ್ಲಿ, ಜೆಲ್ಲಿ ಒಳಗೆ ಕ್ಯಾರೆಟ್ ತುರಿ... ಮುಖ ಹುಳ್ಳಗೆ ಮಾಡಿದ್ಯೋ, ಹುಡುಗಿ ಕೈತಪ್ಪಿದ ಹಾಗೇನೇ. ಒಂದೇ ಸಂಜೆ ಮೂರು ಮನೇಲಿ ಊಟ ಮಾಡಿದೋಳು ನಾನು! ಅಪ್ಪಂದಿರೋ, ಅಬ್ಬಬ್ಬಾ! ತಾನು ಹೈಸ್ಕೂಲಲ್ಲಿ ಗೆದ್ದ ಕಪ್ಪು ತೋರಿಸ್ದೆ ಒಬ್ಬ ಅಪ್ಪಾನೂ ಬಿಟ್ಟಿಲ್ಲ. ಕಪ್ಪಿನ ಕೆಳಗೆ ಅವನ ಹೊಟ್ಟೆ ನೋಡ್ಬೇಕು ನೀನು! ನಗ್ತಿದ್ದೀಯಾ, ನಿಜ ತಾನೆ? ಈಗಿನ ಹುಡುಗೀರಂತೂ ಕೇಳ್ಲೇಬೇಡ. ಎರಡು ಪಂದ್ಯ ಬೆಂಚಲ್ಲಿ ಕೂರಿಸಿದ್ರೆ ಸಾಕು, ಫಾರ್ಮ್ ತುಂಬಿಸಿ ಬೇರೆ ಕಾಲೇಜಿಗೆ ಪರಾರಿ.

ಗಡಿಯಾರ ಯಾಕೆ ನೋಡ್ತೀಯಾ? ಗೊತ್ತು, ಗೊತ್ತು. ಹನ್ನೊಂದು ಗಂಟೆಗೆ ಕ್ರೀಡಾ ವಿಭಾಗದ ದೊಡ್ಡೋನಿಗೆ ಹೆಸರು ಕೊಡ್ಬೇಕು, ಯಾರ್ಯಾರನ್ನ ಇಟ್ಕೋತೀಯಾ ಅಂತ. ನಾನೇನು ಬೇಡ್ಕೊಳ್ಳೋಕೆ ಬಂದಿಲ್ಲ. ನನ್ನ ಜಾಯಮಾನದಲ್ಲೇ ಅದಿಲ್ಲ... ಸರಿ ಕಣೇ, ಬಂದಿದ್ದೀನಿ. ಬೇಡ್ಕೊಳ್ಳೋಕೇ ಬಂದಿದ್ದೀನಿ. ಐವತ್ತೇಳಾಯ್ತು ನನಗೆ, ಇನ್ಯಾವ ಕಾಲೇಜು ಕರೆಯುತ್ತೆ? ಗಂಡ ಇಲ್ಲ, ಮಕ್ಕಳಿಲ್ಲ. ಒಂದು ನಾಯಿ ಸಾಕೋಣ ಅಂದ್ರೆ ವರ್ಷದಲ್ಲಿ ನೂರು ದಿನ ದಾರೀಲಿ. ನನಗೆ ಬರೋ ಕೆಲಸ ಇದೊಂದೇ. ಹುಡುಗೀರನ್ನ ಹುಡುಕೋದು.

ಇನ್ನೊಂದು ಮಾತು. ನನ್ನ ಬಗ್ಗೆ ಏನ್ ಬೇಕಾದ್ರೂ ಅಂದ್ಕೋ, ಕೊಳಕು ಕೆಲಸ ಮಾಡ್ದೋಳಲ್ಲ ನಾನು. ಬೇರೆ ಕಾಲೇಜಿನೋರು ಮನೆಮನೆಗೆ ಹೋಗಿ ಚಾಡಿ ಹೇಳ್ತಾರೆ. "ಅಲ್ಲಿಗೆ ಸೇರ್ಬೇಡಿ, ಕೋಚು ಈ ವರ್ಷಾನೇ ಹೋಗ್ತಾನೆ, ಹಾಸ್ಟೆಲಲ್ಲಿ ಹೆಗ್ಗಣ ಇದೆ" ಅಂತ. ನಾನು? ಎಲ್ಲಾದ್ರೂ, ಯಾರ ಬಗ್ಗೆಯಾದ್ರೂ, ಒಂದು ಮಾತು? ಹೇಳ್ಲಿ ನೋಡೋಣ!

ನಿನ್ನನ್ನೇ ತಗೋ. ಆ ದೊಡ್ಡ ಯೂನಿವರ್ಸಿಟಿಯೋರು ಬೇಸಿಗೆಯೆಲ್ಲ ನಿನ್ನ ಹಿಂದೆ ಸುತ್ತಿ, ಆಗಸ್ಟಲ್ಲಿ ಕೈಕೊಟ್ರಲ್ಲ! ಹದಿನೈದು ಸಾವಿರ ಜನ ಕೂರೋ ಕ್ರೀಡಾಂಗಣ, ಟಿವೀಲಿ ಆಟ... ನೀನು ಎರಡು ದಿನ ಕೋಣೆಯಿಂದ ಆಚೆ ಬರ್ಲಿಲ್ಲ. ಮೂರನೇ ದಿನ ನಿಮ್ಮನೆಗೆ ಬಂದು ಹೊರಗೆ ಕರೆದೋಳು ಯಾರು? ಈ ಗ್ಲೆನ್ನಾ! ಅವರು ಹುಂಬರು ಕಣೇ, ಶುದ್ಧ ಹುಂಬರು! ಅಷ್ಟು ದೊಡ್ಡ ಯೂನಿವರ್ಸಿಟಿ, ಹತ್ತು ಜನ ಡಾಕ್ಟರಿದ್ದಾರೆ, ಒಂದು ಸಲ ಕರೆಸಿ ಪರೀಕ್ಷೆ ಮಾಡ್ಸೋಕೆ ಏನು ಧಾಡಿ? ಯಾರೋ ಏನೋ ಅಂದ್ರಂತೆ, ಇವರು ಹೆದರ್ಕೊಂಡ್ರಂತೆ! ಅದೇ ಎಡಮೊಣಕಾಲಲ್ಲಿ ನೀನು ನಾಲ್ಕು ವರ್ಷ ಒಂದು ಪಂದ್ಯ ತಪ್ಪಿಸ್ದೆ ಆಡಿದ್ಯಲ್ಲ! ನೆನೆಸ್ಕೊಂಡ್ರೆ ಈಗ್ಲೂ ನನಗೆ ನಗು...

ಏನಾಯ್ತು? ಯಾಕೆ ಹಂಗೆ ನೋಡ್ತೀಯಾ? ಮೊಣಕಾಲು ಅಂತ ಅವರು ನಿನಗೆ ಹೇಳಿರ್ತಾರಲ್ಲ. ಹೇಳಿರ್ಲಿಲ್ವಾ? ಮತ್ತೆ ಏನಂದ್ರು? "ಜಾಗ ಭರ್ತಿಯಾಗಿದೆ" ಅಂತ ಅಷ್ಟೇನಾ? ಹದಿನಾರು ವರ್ಷದಿಂದ ನೀನು ಅದನ್ನೇ ನಂಬ್ಕೊಂಡು...

ಯಾರೋ ಹೇಳಿದ್ರಪ್ಪ ನನಗೆ. ಯಾರು ಅಂತ ಈಗ ನೆನಪಿಲ್ಲ. ನಮ್ಮ ಕಸುಬಲ್ಲಿ ಮಾತು ಓಡಾಡುತ್ತೆ, ನಿನಗೆ ಗೊತ್ತಿಲ್ವಾ? ಬಾಗಿಲು ಯಾಕೆ ಹಾಕ್ತೀಯಾ ಟ್ರಿನಾ? ಬೈ ಬೇಕಾದ್ರೆ. ಬೈದೇ ಬಿಡು ಮಾರಾಯ್ತಿ!

ಹೂಂ. ಸರಿ. ಆ ಜುಲೈ ಪಂದ್ಯ ನಡೆಯೋ ಕಡೆ ಕೋಚುಗಳಿಗೆ ಅಂತ ಒಂದು ಕೋಣೆ ಇರುತ್ತಲ್ಲ, ಬಿಟ್ಟಿ ಕಾಫಿ, ತಣ್ಣನೆ ಸ್ಯಾಂಡ್‌ವಿಚ್ಚು... ಹೊರಗೆ ನೀನು ಮಂಡಿ ಮೇಲೆ ಐಸ್ ಚೀಲ ಇಟ್ಕೊಂಡು ಕೂತಿದ್ದೆ. ಆಟ ಮುಗಿದ್ಮೇಲೆ ಎಲ್ಲ ಹುಡುಗೀರೂ ಇಟ್ಕೋತಾರೆ, ಅದೇನೂ ಅಲ್ಲ ಅಂತ ನನಗೂ ಗೊತ್ತಿತ್ತು. ಆ ಯೂನಿವರ್ಸಿಟಿಯೋರ ಅಸಿಸ್ಟೆಂಟು ನನಗೆ ಬೆನ್ನು ಹಾಕಿ ಕಾಫಿ ಬಗ್ಗಿಸ್ಕೋತಿದ್ದ. ಅವನ ಹತ್ರ ನಾನು ಹೇಳ್ಲೇ ಇಲ್ಲ ಕಣೇ, ಆಣೆಗೂ! ಪಕ್ಕದೋಳಿಗೆ ಹೇಳ್ದೆ. "ಪಾಪ, ಆ ವಾವ್ರಾ ಹುಡುಗಿ. ಎಡಮೊಣಕಾಲು ಹೋಗಿದೆಯಂತೆ, ಇನ್ನೊಂದು ವರ್ಷ ಆಡಿದ್ರೆ ಹೆಚ್ಚು ಅಂತ ಡಾಕ್ಟರು ಅಂದ್ರಂತೆ." ಸ್ವಲ್ಪ ಜೋರಾಗಿ ಹೇಳ್ದೆ. ಅಷ್ಟೇ. ಅವನು ಕಾಫಿ ಅಲ್ಲೇ ಬಿಟ್ಟು ಫೋನ್ ಹಿಡ್ಕೊಂಡು ಆಚೆ ಹೋದ.

ಆ ವರ್ಷ ನನಗೆ ಒಬ್ಳು ಒಳ್ಳೇ ಹುಡುಗೀನೂ ಸಿಕ್ಕಿರ್ಲಿಲ್ಲ. ಸಿಗದಿದ್ರೆ ಮನೆಗೆ ಹೋಗು ಅಂದಿದ್ರು. ನೀನಾದ್ರೂ ಅಲ್ಲಿ ಹೋಗಿ ಏನ್ ಕಿಸೀತಿದ್ದೆ? ನಾಲ್ಕು ವರ್ಷ ಬೆಂಚಲ್ಲಿ ಕೂತು ಟವೆಲ್ ಬೀಸ್ತಿದ್ದೆ! ಇಲ್ಲಿ ರಾಣಿ ಹಾಗೆ ಆಡ್ದೆ... ಆಡ್ತಿದ್ಯೇನೋ ಅಲ್ಲೂ. ನನಗೇನ್ ಗೊತ್ತು. ಯಾರಿಗೆ ಗೊತ್ತು ಈಗ.

ಫೋನ್ ತೆಗೀತಿದ್ದೀಯಾ? ತೆಗಿ. ದೊಡ್ಡೋನಿಗೇ ಹೇಳ್ಬಿಡು, ಗ್ಲೆನ್ನಾ ಬೇಡ ಅಂತ. ನಾನು ಹನ್ನೊಂದು ಗಂಟೆವರೆಗೂ ಕಾಯಲ್ಲ... ಅಲ್ಲಾ, ಫೋನಲ್ಲಿ ಅದು ಯಾರ ಫೋಟೋ? ಆರ್ಲೀನಾ? ನಿಮ್ಮಮ್ಮನಿಗೆ ಯಾಕೆ ಮಾಡ್ತಿದ್ದೀಯಾ? ಕೆಳಗಿಡು. ಇಡು ಅಂದೆ! ಆವತ್ತು ನಾನು ನಿಮ್ಮನೆಗೆ ಬಂದಾಗ ಆಕೆ ನನ್ನ ಎರಡೂ ಕೈ ಹಿಡ್ಕೊಂಡು ಅತ್ಲು ಕಣೇ. "ಎಲ್ರೂ ಬಿಟ್ಟುಹೋದಾಗ ನನ್ನ ಮಗಳಿಗೆ ಅಂತ ದೇವ್ರು ನಿನ್ನನ್ನ ಕಳಿಸ್ದ" ಅಂದ್ಲು. ಈಗ್ಲೂ ಪ್ರತಿ ಕ್ರಿಸ್‌ಮಸ್ ಕಾರ್ಡಲ್ಲಿ ಅದನ್ನೇ ಬರೀತಾಳೆ. ಒಂದಕ್ಕೂ ನಾನು ಉತ್ತರ ಬರೆದಿಲ್ಲ.

ಕೆಲಸ ಬೇಡ ನನಗೆ. ಈಗ್ಲೇ ಬರ್ಕೊಡ್ತೀನಿ, ಪೆನ್ ಕೊಡು, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅವಳಿಗೊಬ್ಬಳಿಗೆ ಹೇಳ್ಬೇಡ. ಇಷ್ಟು ವರ್ಷದಲ್ಲಿ ನನ್ನನ್ನ ಒಳ್ಳೇಳು ಅಂತ ನಂಬಿರೋದು ಅವಳೊಬ್ಳೇ, ಟ್ರಿನಾ... ರಿಂಗಾಗ್ತಿದೆ... ಟ್ರಿನಾ, ನಿನ್ನ ಕಾಲಿಗೆ ಬೀಳ್ತೀನಿ... ಎತ್ತಿದ್ಲಾ?