ಹಾರ್ಮೋನಿಯಂ ಮ್ಯಾಲಿಟ್ಟ ಫೋನು

ಬೆಲ್ಟ್ ಹಾಕ್ಕೋ ಮೊದಲ, ಆಮೇಲೆ ಬ್ಯಾಡ ಅನ್ನು... ಹಾಂ, ಹಂಗ. ಅಲ್ಲೋ ಜಂಬಣ್ಣ, ಬರೇ ತಲಿ ಅಲ್ಲಾಡಿಸಿದ್ರ ನಾ ಏನಂತ ತಿಳಕೋಬೇಕು? ನಿಮ್ಮಕ್ಕ ಪಾರ್ವತೆಮ್ಮ ಫೋನ್ ಮಾಡಿದ್ದು ನನಗ! ‘ಸಂಗನಬಸವ ಸರ, ತವರಿನ ಸೀರಿ ಬ್ಯಾಡ, ಹಿತ್ತಾಳಿ ಕೊಡಾ ಬ್ಯಾಡ. ಹೊಸ ಮನ್ಯಾಗ ಹಾಲು ಉಕ್ಕಿದ ಮ್ಯಾಲೆ ಮೊದಲನೇ ಪದ ನನ್ನ ತಮ್ಮನ ಬಾಯಿಂದ ಬರಬೇಕು. ಅವ್ವನ ಬೀಸೋಕಲ್ಲಿನ ಪದ. ಅಷ್ಟ ಸಾಕು ನನಗ ತವರು’ ಅಂದಳು. ಕಿವಿಯಾರೆ ಕೇಳೀನಿ.

ಮದುವಿಯಾಗಿ ಹಟ್ಟಿಗೆ ಹೋದಾಕಿ. ಗಂಡ ಚಿನ್ನದ ಗಣಿಯೊಳಗ ಇಳಿದು ಹತ್ತಿ ರಿಟೈರ್ ಆಗೋತನಕ ಕಂಪನಿ ಕ್ವಾರ್ಟರ್ಸಿನ್ಯಾಗ ಸಂಸಾರ ಮಾಡಿದಾಕಿ. ಗ್ವಾಡಿಗೆ ಒಂದು ಮೊಳಿ ಬಡೀಬೇಕಂದ್ರೂ ಆಫೀಸಿನವರನ್ನ ಕೇಳಬೇಕಿತ್ತಂತ. ಈಗ ಲಿಂಗಸುಗೂರಾಗ ತನ್ನದು ಅಂತ ಒಂದು ಮನಿ ಆಗೇತಿ. ಇಂಥಾ ದಿನ ಆಕಿ ಕೇಳಿದ್ದು ಒಂದು ಹಾಡು. ನೀ ಏನಂದಿ? ‘ನನ್ನ ದನಿ ಬರೋಬ್ಬರಿ ಇಲ್ಲಕ್ಕ, ಸರ ಹಾಡ್ತಾರ.’ ನಾ ಯಾಕ ಹಾಡಲಿ? ನಿಮ್ಮವ್ವ ನನಗೇನು ರೊಟ್ಟಿ ಬಡಿದು ಹಾಕಿದ್ದಳೇನು? ...ಯಾಕ ನಗತಿ? ನಗೋ ಮಾತಲ್ಲ ಇದು.

ಆ ತಾಳಾ ತೊಡಿ ಮ್ಯಾಲೆ ಇಟ್ಟಗೊಂಡು ಯಾಕ ಕುಂತಿ? ಹಿಂದ ಹಾಕು. ರಸ್ತಾದಾಗ ತಗ್ಗು ಬಂದಂಗೆಲ್ಲಾ ಕಿಣಿಕಿಣಿ ಅನ್ನಾಕತ್ತಾವ. ...ಬ್ಯಾಡ? ಸರಿ, ನಿನ್ನ ಮರ್ಜಿ. ಆದ್ರ ಒಂದು ಹೇಳತೀನಿ ಕೇಳು, ಇವತ್ತರೆ ಸಾಲಿನ ಕೊನೀಗೆ ಅಷ್ಟು ಜೋರ ಬಡೀಬ್ಯಾಡ. ಪ್ರತಿ ಸೋಮವಾರ ಭಜನ್ಯಾಗ ಬೈತೀನಿ, ಹೂಂ ಅಂತಿ, ಮತ್ತ ಅದ. ನಡುವ ಎಲ್ಲಾ ಬೆಣ್ಣಿಯಂಗ ನುಡಿಸ್ತಿ, ಸಾಲು ಮುಗಿಯೋ ಹೊತ್ತಿಗೆ ಮಾತ್ರ ಝಣ್ ಅಂತ! ಯಾರ ಮ್ಯಾಲಿನ ಸಿಟ್ಟದು?

ಮಂಡಳಿಯ ಉಳಿದವರೆಲ್ಲಾ ಕ್ರೂಸರ್ ಗಾಡ್ಯಾಗ ಮುಂದ ಹೋದ್ರು, ನಿನ್ನೊಬ್ಬನ್ನ ಯಾಕ ನನ್ನ ಕಾರಿನ್ಯಾಗ ಹತ್ತಿಸಿಕೊಂಡೆ ಅಂತ ಯೋಚನೆ ಮಾಡಾಕತ್ತಿ, ಹೌದಿಲ್ಲೋ? ಏನಿಲ್ಲ. ನನ್ನ ಹಾರ್ಮೋನಿಯಂ ಕುಲುಕಬಾರದು, ಹಿಂದ ಒಂದು ಕಣ್ಣಿಡಾಕ ಒಬ್ಬರು ಬೇಕಿತ್ತು. ಅಷ್ಟ.

...ಅಷ್ಟ ಅಂದೆನಲ್ಲ.

ಭತ್ತ ನೋಡು, ಹೆಂಗ ಬಾಗ್ಯಾವ. ಗೊರೇಬಾಳದಾಗ ನಿನ್ನ ಹೊಲಾನೂ ಕೊಯ್ಲಿಗೆ ಬಂದಿರಬೇಕು. ...ಹೂಂ. ಮೊದಲು ಭತ್ತದ ಮಾತು ತೆಗೆದ್ರ ಮಸ್ಕಿ ಮುಟ್ಟೋತನಕ ಬಾಯಿ ಮುಚ್ಚತಿರಲಿಲ್ಲ ನೀನು. ಈಗ ಹೂಂ, ಹೂಂ. ರಹಿಮಾನ್ ಹೇಳಿದ. ತಬಲಾಕ್ಕ ದಾರ-ಗೀರ ಏನರೆ ಬೇಕಾದ್ರ ನಿನ್ನ ಬೀಜದ ಅಂಗಡಿಗೇ ಬಂದು ಕುಂದ್ರತಾನಲ್ಲ ಅಂವ. ‘ಸರ, ಜಂಬಣ್ಣ ಚೀಲದ ಬಾಯಿ ಹೊಲೀವಾಗ ಗುನುಗುತ್ತಿದ್ದ, ಅದನ್ನೂ ಬಿಟ್ಟಾನ್ರೀ’ ಅಂದ. ಅಂಗಡ್ಯಾಗ ಒಬ್ಬನ ಕುಂತಾಗ ಗುನುಗಬ್ಯಾಡ ಅಂತ ನಾ ಹೇಳಿದ್ದೆನೇನು? ಭಜನ್ಯಾಗ ಅಂದೆ. ಭಜನ್ಯಾಗ ಮಾತ್ರ!

ಕಾಯ್ದೆ ಅಂದ್ರ ಕಾಯ್ದೆ, ಜಂಬಣ್ಣ. ನಮ್ಮ ಮಂಡಳ್ಯಾಗ ಸುರ ತಪ್ಪಿದಾಂವ ಹಿಂದ ಕುಂದ್ರಬೇಕು, ತಾಳ ಹಿಡೀಬೇಕು, ಬಾಯಿ ಆಡಿಸಬೇಕು, ದನಿ ತೆಗೀಬಾರದು. ನಾ ಮಾಡಿದ ಕಾಯ್ದೆ. ಸ್ವಂತ ತಮ್ಮನ್ನ ಕೂಡಿಸೀನಿ ಹಿಂದ, ಗೊತ್ತೈತಲ್ಲ? ನನ್ನ ಹೆಂಡತಿ ದಾನೇಶ್ವರಿ ‘ದೇವರಿಗೂ ಪರೀಕ್ಷಾ ಇಡ್ತೀರೇನ್ರೀ?’ ಅಂತ ಜಗಳಾ ತೆಗೆದಳು. ಇಡ್ತೀನಿ ಅಂದೆ. ಬಳ್ಳಾರ್ಯಾಗ ನಾ ಓದಿದ ಇಂಗ್ಲಿಷ್ ಸಾಲ್ಯಾಗ ಮುಂಜಾನೆ ಪ್ರಾರ್ಥನಾಕ್ಕ ನಿಂತಾಗ ಮೇಡಮ್ಮೊಬ್ಬರು ಸಾಲಿನ ನಡುವ ಕಿವಿಗೊಟ್ಟು ಅಡ್ಡಾಡೋರು. ಸುರ ತಪ್ಪಿದ ಹುಡುಗನ ನೆತ್ತಿ ಮ್ಯಾಲೆ ಒಂದು ಬೆರಳು ಇಟ್ರಂದ್ರ ಮುಗೀತು, ಅವತ್ತಿಂದ ಅಂವ ಬರೇ ತುಟಿ ಆಡಿಸಬೇಕು. ಶಿಸ್ತು ಅಂದ್ರ ಅದು.

...ಏನು? ನನ್ನ ನೆತ್ತಿ ಮ್ಯಾಲೆ? ...ಮುಂದ ನೋಡು, ಟ್ರ್ಯಾಕ್ಟರ್ ಬಂತು.

ಇಂಡಿಕೇಟರ್ ಹಾಕಂಗಿಲ್ಲ, ಏನಿಲ್ಲ, ಎಮ್ಮಿ ಹೊಳ್ಳಿದಂಗ ಹೊಳ್ಳತಾವ!

ನೋಡು, ನಾ ಹೇಳಾಕತ್ತಿದ್ದು ಏನಂದ್ರ, ಶ್ರಾವಣದಾಗಿನ ಆ ರೆಕಾರ್ಡಿಂಗನ್ನ ಅಷ್ಟು ಮನಸಿಗೆ ಹಚ್ಚಿಕೋಬಾರದು. ಫೋನಿನ ಮೈಕು ಅಂದ್ರ ಎಷ್ಟರದು? ಕಡ್ಲಿಕಾಳಿನಷ್ಟು. ಹದಿನೈದು ಮಂದಿ ಕೂಡಿ ಹಾಡಿದ್ರ ಅದು ಎಲ್ಲಾರನ್ನೂ ಸಮ ಹಿಡೀತೈತೇನು? ಹತ್ತಿರ ಇದ್ದಾಂವನ ದನೀನ ದೊಡ್ಡದು ಮಾಡ್ತೈತಿ. ಫೋನ್ ಇಟ್ಟದ್ದು ಹಾರ್ಮೋನಿಯಂ ಮ್ಯಾಲೆ, ಹಂಗಾಗಿ ಹತ್ತಿರ ಇದ್ದಾಂವ...

...ನೀ ನನ್ನ ಬಲಕ್ಕ ಕುಂತಿದ್ದಿ. ಹತ್ತಿರ. ಅದನ್ನ ಹೇಳಾಕತ್ತಿದ್ದೆ.

ಖರೆ, ಅವತ್ತು ನಾ ಜರಾ ಬಿರುಸಾದೆ. ಎಲ್ಲಾರ ಮುಂದ ಹಚ್ಚಬಾರದಿತ್ತು ಅದನ್ನ. ಆದ್ರ ನೀನ ಹೇಳು, ಎಂಥಾ ದನಿ ಅದು! ಮೂಗಿನ್ಯಾಗಿಂದ ಬರಾಕತ್ತಿತ್ತು. ಸಾಲಿನ ಮೊದಲು ಎಲ್ಲಾರಿಗಿಂತ ಜೋರು, ಕೊನೀಗೆ ಹೋಗಿ ಹಗ್ಗ ಹರಿದ ಕೊಡದಂಗ ಬಾವಿಗೆ ಬೀಳೋದು. ‘ಯಾರಿದು?’ ಅಂದೆ. ರಹಿಮಾನ್ ತಬಲಾದ ಮ್ಯಾಲೆ ಪೌಡರ್ ಉಜ್ಜಿಕೋತ ಕುಂತ. ನಿನ್ನ ಕಡೆ ನೋಡಿ ‘ಜಂಬಣ್ಣ, ಇದು ನಿಂದು’ ಅಂದೆ. ನೀ ಅಂದಿ, ‘ನಂದಲ್ಲ ಅನಸ್ತೈತ್ರೀ ಸರ.’ ಅನಸ್ತೈತಿ! ಅಲ್ಲ ಅಂತ ಗಟ್ಟಿ ಅಂದಿದ್ರ...

ಆಗ ನಾ ಪಾಠ ಮಾಡಿದೆ. ಫಿಸಿಕ್ಸ್ ಕಲಿಸಾಂವ ಅಲ್ಲೇನು, ಬಾಯಿ ಸುಮ್ಮನಿರಂಗಿಲ್ಲ. ‘ನಮ್ಮ ದನಿ ನಮಗ ತಲಿಬುರುಡಿ ಎಲುವಿನ ಮ್ಯಾಲೆ ಹಾದು ಕೇಳತೈತಿ, ಗುಂಡಗ, ತುಂಬಿಕೊಂಡು. ರೆಕಾರ್ಡಿನ್ಯಾಗ ಗಾಳಿಯೊಳಗಿಂದ ಬಂದದ್ದಷ್ಟ ಕೇಳತೈತಿ. ಅದಕ ಪ್ರತಿಯೊಬ್ಬನೂ ಮೊದಲನೇ ಸರ್ತಿ ಕೇಳಿದಾಗ ಇದು ನಂದಲ್ಲ ಅಂತಾನ. ನಂದಲ್ಲ ಅಂತ ಅನಸ್ತಂದ್ರ ಅದ ಸಾಕ್ಷಿ, ನಿಂದ ಅದು!’ ಎಲ್ಲಾರೂ ನಕ್ರು. ನೀನೂ ನಕ್ಕಿ. ನಕ್ಕಿ, ಎದ್ದಿ, ಹಿಂದ ಹೋಗಿ ತಾಳ ತಗೊಂಡು ಕುಂತಿ.

ಸೈನ್ಸ್ ಸುಳ್ಳಲ್ಲ, ಜಂಬಣ್ಣ. ಪ್ರತಿಯೊಬ್ಬನಿಗೂ ಹಂಗ. ನನಗೂ... ಈಗ ದಸರಾ ಸೂಟ್ಯಾಗ ಹುಡುಗರಿಗೆ ಅಂತ ಒಂದು ಪಾಠ ಫೋನಿನ್ಯಾಗ ಹಿಡಿದೆ. ಶಬ್ದದ ಪಾಠಾನ. ಮೊದಲನೇ ಸರ್ತಿ ಹಂಗ ಮಾಡಿದ್ದು, ಕ್ಲಾಸಿನ್ಯಾಗ ನಿಂತು ಹೇಳೋದು ಬ್ಯಾರೆ ಅಲ್ಲ. ಹಿಡಿದು, ಕಿವಿಗೆ ಹಚ್ಚಿಕೊಂಡು ಕೇಳಿದ್ರ...

ಏನಿಲ್ಲ. ಮಸ್ಕಿ ಬಂತು. ಚಾ ಕುಡಿಯೋಣೇನು? ಗುಡ್ಡದ ಕಡೆ ನೆರಳೈತಿ, ಅಲ್ಲೇ ನಿಲ್ಲಸ್ತೀನಿ. ಇಳಿ.

...ಚಾ ಹೇಳಂದ್ರ ಏನ್ ತಂದಿ? ಬಿಸಿನೀರು? ಹಾಡಂಗಿಲ್ಲ ಅಂತಿ, ಮತ್ತ ಗಂಟಲಿಗೆ ಬಿಸಿನೀರು ಯಾಕ? ಏ, ಅಂದ್ರ ಒಪ್ಪಿದಿ ಅಂತ... ಅಲ್ಲ? ನನಗೇನು? ನನಗ್ಯಾಕೋ? ‘ನೀವು ಹಾಡಬೇಕಲ್ರೀ’ ಅಂತ ಕೈ ಮಾಡಾಕತ್ತಿ. ಹೂಂ. ಹೋದ ಸೋಮವಾರನೂ ತಂದಿಟ್ಟಿ. ಅದರ ಹಿಂದಿನ ಸೋಮವಾರನೂ. ಬ್ಯಾರೆ ಯಾರಿಗೂ ಕೊಡಂಗಿಲ್ಲ, ನನಗಷ್ಟ ಕೊಡ್ತಿ. ಕೊಡು. ಸುಡಾಕತ್ತೈತಿ ಗ್ಲಾಸು.

ನೀ ಒಳ್ಳೆಯಾಂವ ಇದ್ದಿ, ಜಂಬಣ್ಣ. ಅದ ತ್ರಾಸು ನನಗ. ನೀ ಒಂದು ಸರ್ತಿ ಬೈದಿದ್ರ, ‘ಏ ಸಂಗನಬಸವ, ನಿನ್ನ ಭಜನಿ ನೀ ಇಟ್ಟಗೋ’ ಅಂತ ತಾಳ ಬಿಸಾಕಿ ಹೋಗಿದ್ರ, ನನಗೂ... ನಡಿ, ಹತ್ತು. ಹೊತ್ತಾಗತೈತಿ. ಹಾಲು ನಮ್ಮನ್ನ ಕಾಯಂಗಿಲ್ಲ.

ಬೆಲ್ಟ್.

ಕೇಳು, ಒಂದು ಹೇಳತೀನಿ. ಇವತ್ತು ಆ ಕಾಯ್ದೆ ಬ್ಯಾಡ. ನೀ ಹಾಡು. ನಿನ್ನ ದನಿ ಈಗ ಸುಧಾರಿಸಿರಬೇಕು... ಅಲ್ಲ, ಸುಧಾರಿಸೋದೇನು, ಛಲೋ ಇತ್ತು... ಅಂದ್ರ, ಮನಿ ಮಂದಿ ಮುಂದ ಹಾಡಾಕ ಇಷ್ಟು ಸಾಕು ಅಂತ! ಒಂದು ಪದ. ಯಾರೂ ರೆಕಾರ್ಡ್ ಮಾಡಂಗಿಲ್ಲ, ನಾ ಎಲ್ಲಾರ ಫೋನ್ ಚೀಲದಾಗ ಹಾಕಸ್ತೀನಿ. ಆತಲ್ಲ? ...ಮತ್ತ ತಲಿ ಅಲ್ಲಾಡಸ್ತಿ! ಅಕ್ಕನ ಮಾರಿ ನೋಡಿಯರೆ ಹಾಡೋ ಮಾರಾಯ! ಆಕೀಗೆ ನಿನ್ನ ದನಿ ಬೇಕು, ನನ್ನ ದನಿ ತಗೊಂಡು ಏನ್ ಮಾಡ್ತಾಳ?

ಹೌದು, ಒಂದು ಕೇಳಬೇಕಂತಿದ್ದೆ. ಆ ರೆಕಾರ್ಡಿಂಗ್ ಗ್ರೂಪಿನ್ಯಾಗ ಹಾಕಿದ್ದೆನಲ್ಲ, ಅದನ್ನ ನೀ ಅಕ್ಕಗ ಕಳಿಸಿದ್ದೇನು? ...ಕಳಿಸಿದ್ದಿ. ಆಗಲೇ? ಶ್ರಾವಣದಾಗೇ? ...ಕೇಳಿದಳು? ಏನಂದಳು? ...ಹೇಳೋ, ನಾ ಏನೂ ತಿಳಕೊಳ್ಳಂಗಿಲ್ಲ. ‘ಇದು ನಿನ್ನ ದನಿ ಅಲ್ಲ’ ಅಂದಳೇನು?

...ಹಂಗ್ಯಾಕ ನೋಡ್ತಿ? ಸುಮ್ಮನ ಕೇಳಿದೆ. ತೊಟ್ಟಿಲದಾಗಿಂದ ಕೇಳಿದಾಕಿ ಅಲ್ಲ, ಅಂದರೂ ಅಂದಿರಬಹುದು ಅಂತ...

ಅಂದಾಳ.

ಸರಿ. ಅಂದಾಳ. ನಿನ್ನ ದನಿ ಅಲ್ಲ ಅಂದ ಮ್ಯಾಲೆ... ಜಂಬಣ್ಣ, ಹಂಗಾದ್ರ ಯಾರದು ಅಂತ ನೀ ಕೇಳಬೇಕಲ್ಲ? ಯಾರಾದ್ರೂ ಕೇಳತಾರ. ಸಣ್ಣ ಹುಡುಗನೂ ಕೇಳತಾನ. ಕೇಳು. ‘ಮತ್ತ ಯಾರದ್ರೀ ಸರ?’ ಅಂತ ಒಂದು ಮಾತು. ...ಕಿಡಕಿ ಕಡೆ ಏನೈತಿ? ಬರೇ ಹೊಲ. ಈ ಕಡೆ ನೋಡು. ...ಯಾಕ ಕೇಳವಲ್ಲಿ?

ತಡಿ. ಗಾಡಿ ಬದೀಗೆ ಹಾಕ್ತೀನಿ.

...ಗೊತ್ತೈತಿ ನಿನಗ.

ನನಗಿಂತ ಮೊದಲ ಗೊತ್ತಾಗೇತಿ. ನನಗ ತಿಳಿದದ್ದು ದಸರಾದಾಗ, ಆ ಪಾಠ ಕೇಳಿದಾಗ. ಅದ ಮೂಗು. ಮಾತಿನ ಕೊನೀಗೆ ಅದ ಬಾವಿ. ಫೋನ್ ಕೆಟ್ಟೈತಂತ ದಾನೇಶ್ವರಿ ಫೋನ್ ಇಸಗೊಂಡು ಮತ್ತ ಹಿಡಿದೆ. ಅದರಾಗೂ ಅದ ದನಿ. ಮುಂದಿನ ಸೋಮವಾರ ಹೇಳಬೇಕಂತ ಬಂದೆ, ಖರೇ ಹೇಳತೀನಿ. ನೀ ನನ್ನ ಮುಂದ ಬಿಸಿನೀರಿನ ಗ್ಲಾಸ್ ಇಟ್ಟಿ. ಎಲ್ಲಾರೂ ‘ಸರ, ಶುರು ಮಾಡ್ರಿ’ ಅಂದ್ರು. ಶುರು ಮಾಡಿದೆ. ಅಷ್ಟ. ಆಮೇಲೆ ಪ್ರತಿ ಸೋಮವಾರ ಶುರು ಮಾಡಿಕೋತ ಬಂದೆ.

ಏನರೆ ಅನ್ನು. ಬೈಯಿ. ...ಆ ತಾಳ ಯಾಕ ಸವರಾಕತ್ತಿ?

...ತಾಳ.

ಜಂಬಣ್ಣ, ಆ ತಾಳ. ಸಾಲಿನ ಕೊನೀಗೆ ಝಣ್ ಅಂತ ಬಡೀತಿದ್ದಿ. ಎಲ್ಲಿ ನನ್ನ ದನಿ ಬೀಳತೈತೋ, ಬರೋಬ್ಬರಿ ಅಲ್ಲಿ. ಬ್ಯಾರೆ ಎಲ್ಲೂ ಅಲ್ಲ, ಅಲ್ಲಿ ಮಾತ್ರ! ಮಂದಿಗೆ ಕೇಳಬಾರದಂತ... ಹೌದಿಲ್ಲೋ? ಅದನ್ನ ನಾ... ‘ಲೇ, ಕಿವಿ ಐತೇನಲೇ ನಿನಗ’ ಅಂತ ಎಲ್ಲಾರ ಮುಂದ... ನೀ ಹೂಂ ಅಂತಿದ್ದಿ. ಹೂಂ ಅಂದು ಮತ್ತ ಅಲ್ಲೇ ಬಡೀತಿದ್ದಿ.

ನೆತ್ತಿ ಮ್ಯಾಲೆ ಬೆರಳು ಇಟ್ರೇನು ಅಂತ ಕೇಳಿದ್ಯಲ್ಲ ಆಗಲೇ. ಇಟ್ಟಿದ್ರು. ಅವತ್ತಿಂದ ಹತ್ತನೇ ಕ್ಲಾಸು ಮುಗಿಯೋತನಕ ತುಟಿ ಆಡಿಸೀನಿ. ಹೆಂಗಿರತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ನಿನ್ನ ನೆತ್ತಿ ಮ್ಯಾಲೆ ಇಟ್ಟೆ.

...ಬಿಡು, ಭುಜ ಬಿಡು, ಗಾಡಿ ತೆಗೀತೀನಿ. ನೀ ಸಮಾಧಾನ ಮಾಡಿದ್ರ ನನಗ ಇನ್ನೂ ಕಷ್ಟ.

ಅದ ಅಲ್ಲ ಮನಿ? ಹಳದಿ ಬಣ್ಣದ್ದು, ಬಾಳಿಕಂಬ ಕಟ್ಯಾರ. ಪಾರ್ವತೆಮ್ಮ ಹೊಸ್ತಿಲದಾಗೇ ನಿಂತಾಳ ನೋಡು. ಕೈ ಬೀಸಾಕತ್ತಾಳ. ನನಗಲ್ಲ ಅದು, ನಿನಗ.

ತಾ ಇಲ್ಲಿ ಆ ತಾಳಾ. ...ಯಾಕ ಬಿಗಿ ಹಿಡಿದಿ? ಬಿಡು. ಕಾಯ್ದೆ ನಾ ಮಾಡಿದ್ದು, ನನಗೂ ಲಾಗೂ ಆಗತೈತಿ. ಹಿಂದ ಕುಂದ್ರತೀನಿ, ಬಾಯಿ ಆಡಸ್ತೀನಿ. ಯಾಕಂತ ಕೇಳಿದಾರಿಗೆ ನಾನ ಹೇಳತೀನಿ, ನೀ ಹಾಡು.

ಕೊಡಪಾ. ಮೆತ್ತಗ ಬಾರಸ್ತೀನಿ. ನಿನ್ನ ಸಾಲಿನ ಕೊನ್ಯಾಗ ಮುಚ್ಚೋದು ಏನೈತಿ?