ಮೇಲಿನ ತಟ್ಟೆಯ ಮೇಣದ ಬತ್ತಿ

ಹೆಸರು ಅಗ್ರಿಪಿನಾ ತನಾಸೆ, ವಯಸ್ಸು 67, ಬಟ್ಟೆ ಕಾರ್ಖಾನೆಯ ನಿವೃತ್ತ ಹೊಲಿಗೆಗಾರ್ತಿ, ವಿಧವೆ. ವಾಸ: ಹಳೇ ಗಿರಣಿ ಬೀದಿ, ಬರ್ಲಾದ್, ರೊಮೇನಿಯಾ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಬೀದಿಯ ಚರ್ಚಿನ ಮೊಗಸಾಲೆಯಲ್ಲಿದ್ದ ಹಣ ಕಟ್ಟುವ ಯಂತ್ರದ ಗಾಜು ಒಡೆದವಳು ನಾನೇ. ಬೀದಿಯ ಪಡ್ಡೆ ಹುಡುಗರನ್ನು ಕರೆಸಿ ಗದರಿಸುವ ಅಗತ್ಯವಿಲ್ಲ.

ನನ್ನ ಒಬ್ಬನೇ ಮಗ ಸೆವೆರಿನ್ ಲಾರಿ ಚಾಲಕ. ನಾಲ್ಕು ವರ್ಷದ ಹಿಂದೆ ಇಟಲಿಗೆ ಸರಕು ಒಯ್ದವನು ಮರಳಲಿಲ್ಲ. ಲಾರಿ ಅಲ್ಲಿನ ಹೆದ್ದಾರಿ ಬದಿಯಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಸಿಕ್ಕಿತು, ಸೀಟಿನ ಮೇಲೆ ಅರ್ಧ ತಿಂದ ಬ್ರೆಡ್ಡಿತ್ತು. ಇವನು ಸಿಗಲಿಲ್ಲ. ಆ ದೂರು ಇದೇ ಠಾಣೆಯಲ್ಲಿ ದೂಳು ತಿನ್ನುತ್ತಿದೆ.

ನಮ್ಮ ಚರ್ಚಿನಲ್ಲಿ ಬದುಕಿರುವವರ ಹೆಸರಿನ ಮೇಣದ ಬತ್ತಿ ಮೇಲಿನ ತಟ್ಟೆಗೆ, ಸತ್ತವರದು ಕೆಳಗಿನ ತಟ್ಟೆಗೆ. ಸೆವೆರಿನ್‌ನದನ್ನು ನಾನು ಮೇಲೆಯೇ ಹಚ್ಚುತ್ತ ಬಂದೆ. ನೆರೆಯವರು ಕಣ್ಸನ್ನೆ ಮಾಡಿಕೊಳ್ಳುತ್ತಿದ್ದರು. ಮಾಡಿಕೊಳ್ಳಲಿ.

ಕಳೆದ ವರ್ಷ ರಾಜಧಾನಿಯ ಕಂಪನಿಯೊಂದು ಈ ಯಂತ್ರ ತಂದು ನಿಲ್ಲಿಸಿತು. ಪರದೇಶದಲ್ಲಿರುವವರು ಮೊಬೈಲಿನಲ್ಲೇ ಬತ್ತಿಯ ದುಡ್ಡು ಕಟ್ಟಬಹುದು. ಬದುಕಿರುವವರಿಗೆ ತಿಂಗಳ ಚಂದಾ, ಸತ್ತವರಿಗೆ ಒಂದೇ ಸಲ. ಪರಿಚಾರಕ ಗವ್ರಿಲ್ ಪರದೆ ನೋಡಿ ಬತ್ತಿ ಹಚ್ಚುತ್ತಾನೆ, ಪಾದ್ರಿಗಳೂ ಪರದೆ ನೋಡಿಯೇ ಹೆಸರು ಓದುತ್ತಾರೆ. ನನಗೆ ಮಂಡಿನೋವು ಜಾಸ್ತಿಯಾದ್ದರಿಂದ, ತೂರಿನ್ ನಗರದಲ್ಲಿ ಮುದುಕರ ಆರೈಕೆ ಕೆಲಸದಲ್ಲಿರುವ ಸೊಸೆ ಲೂಮಿನಿತ್ಸಾ ನಮ್ಮ ಮನೆಯ ಹೆಸರುಗಳಿಗೆಲ್ಲ ತಾನೇ ಕಟ್ಟತೊಡಗಿದಳು.

ಮೊನ್ನೆ ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿಗಳು ಸತ್ತವರ ಹೆಸರು ಓದುವಾಗ, ನನ್ನ ಗಂಡನ ಹೆಸರಿನ ಬೆನ್ನಿಗೇ ಸೆವೆರಿನ್ ಎಂದರು. ಪಕ್ಕದಲ್ಲಿದ್ದಾಕೆ ನನ್ನ ಕೈ ಹಿಡಿದು, "ಕೊನೆಗೂ ಮನಸ್ಸು ಗಟ್ಟಿ ಮಾಡ್ಕೊಂಡ್ಯಲ್ಲ, ಒಳ್ಳೇದಾಯ್ತು ಬಿಡಕ್ಕ" ಎಂದಳು. ಆ ಕೈ ಕೊಡವಿ ಎದ್ದೆ.

ಗವ್ರಿಲ್‌ನನ್ನು ಹಿಡಿದು ಕೇಳಿದೆ. "ನಾನೇನ್ ಮಾಡ್ಲಿ ಅಗ್ರಿಪಿನಕ್ಕ, ಅದು ಕೆಳಗೆ ಅಂದ್ರೆ ಕೆಳಗೆ ಹಚ್ತೀನಿ" ಎಂದ. ಅದು ನಿನ್ನ ಹೆಸರನ್ನ ಕೆಳಗೆ ಹಾಕಿದ್ರೆ ಹೋಗಿ ಗುಂಡಿಯಲ್ಲಿ ಮಲ್ಕೊಳ್ತೀಯೇನೋ ಎಂದೆ. ಅವನು ಕಂಪನಿಗೆ ಫೋನ್ ಹಚ್ಚಿ ಕೊಟ್ಟ. ಯಂತ್ರದ ತಪ್ಪಲ್ಲ, ಚಂದಾ ಕಟ್ಟುವವರೇ ಬದಲಾಯಿಸಿದ್ದಾರೆ ಎಂದು ಅಲ್ಲಿನ ಹುಡುಗಿ ತುಂಬ ಮರ್ಯಾದೆಯಿಂದ ತಿಳಿಸಿದಳು.

ಸೊಸೆಗೆ ಫೋನ್ ಮಾಡಿದೆ. "ತಿಂಗಳು ತಿಂಗಳೂ ಮೊಬೈಲ್ ಕೇಳುತ್ತೆ ಅತ್ತೆ. 'ಸೆವೆರಿನ್, ಬದುಕಿದ್ದಾರೆ, ಮುಂದುವರಿಸಬೇಕೇ?' ಅಂತ. ಇಲ್ಲಿ ಕೆಲಸದ ಮನೆಯ ಅಜ್ಜಿಗೆ ಸೂಪ್ ಕುಡಿಸ್ತಾ ಇರ್ತೀನಿ, ಟಣ್ ಅನ್ನುತ್ತೆ. ಹೌದು ಹೌದು ಅಂತ ಒತ್ತಿ ನನಗೆ ಸಾಕಾಗಿಹೋಯ್ತು. ಆ ಇನ್ನೊಂದನ್ನ ಒತ್ತಿದ್ರೆ ಮತ್ತೆ ಯಾವತ್ತೂ ಕೇಳಲ್ಲ. ಅದನ್ನೇ ಒತ್ಬಿಟ್ಟೆ" ಎಂದಳು.

ಗಂಡನ್ನ ಕೊಂದ್ಯಲ್ಲೇ, ನಿನ್ನ ಬೆರಳು ಸೇದಿಹೋಗ ಎಂದು ಶಪಿಸಿ ಫೋನ್ ಇಟ್ಟೆ.

ಮಧ್ಯಾಹ್ನ ಚರ್ಚಿನಲ್ಲಿ ಯಾರೂ ಇರಲಿಲ್ಲ. ಮಗನನ್ನು ನಾನೇ ಮೇಲಿನ ತಟ್ಟೆಗೆ ಏರಿಸುತ್ತೇನೆಂದು ಯಂತ್ರದ ಮುಂದೆ ನಿಂತು, ಅಕ್ಷರ ಹುಡುಕಿ ಹುಡುಕಿ ಅವನ ಹೆಸರು ಒತ್ತಿದೆ. ಎರಡು ಚೌಕ ಬಂದವು. ಒಂದರಲ್ಲಿ ಬದುಕಿದ್ದಾರೆ, ಇನ್ನೊಂದರಲ್ಲಿ ತೀರಿಕೊಂಡಿದ್ದಾರೆ ಎಂದಿತ್ತು. ಒಂದನ್ನು ಆರಿಸಿ ಎಂದಿತು.

ತಟ್ಟೆ ಯಾವತ್ತೂ ನನ್ನನ್ನು ಏನೂ ಕೇಳಿರಲಿಲ್ಲ. ಬತ್ತಿ ನೆಟ್ಟು, ಶಿಲುಬೆ ಗುರುತು ಹಾಕಿಕೊಂಡು, ಮನೆಗೆ ಬಂದು ಸಾರಿಗಿಡುತ್ತಿದ್ದೆ. ಈಗ ಬೆರಳೆತ್ತಿದೆ. ಬದುಕಿದ್ದಾರೆ ಎಂಬುದರ ಹತ್ತಿರ ಒಯ್ದೆ. ಅದು ಅಲ್ಲೇ ನಿಂತಿತು. ನನ್ನ ಬೆರಳು, ನಲವತ್ತು ವರ್ಷ ಹೊಲಿಗೆ ಯಂತ್ರದ ಸೂಜಿಗೂ ಹೆದರದ ಬೆರಳು, ಆ ಗಾಜನ್ನು ಮುಟ್ಟಲಿಲ್ಲ. ತಟ್ಟೆಯ ಮೇಣ ಕೆರೆಯುವ ಕಬ್ಬಿಣದ ಸಲಿಕೆ ಪಕ್ಕದಲ್ಲಿತ್ತು. ತೆಗೆದು ಹೊಡೆದೆ. ಯಂತ್ರ ತಪ್ಪು ಮಾಡಿತೆಂದು ಹೊಡೆದದ್ದಲ್ಲ, ಅದು ಕೇಳಿತೆಂದು ಹೊಡೆದೆ.

ಕಂಪನಿಯ ಮೇಲೆ ನನ್ನ ದೂರೇನೂ ಇಲ್ಲ. ಗಾಜಿನ ಖರ್ಚನ್ನು ಪಿಂಚಣಿಯಲ್ಲಿ ಹಿಡಿದುಕೊಳ್ಳಲಿ. ಸೊಸೆಗೆ ಹಾಕಿದ ಶಾಪವನ್ನು ವಾಪಸು ತೆಗೆದುಕೊಂಡಿದ್ದೇನೆ, ಇದು ಹೇಳಿಕೆಗೆ ಬೇಡ ಎಂದು ಸಾಹೇಬರು ಅಂದರೂ ಹಟ ಹಿಡಿದು ಬರೆಸಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ನಮೂನೆಯಲ್ಲಿ ಜೀವಂತ ಮಕ್ಕಳೆಷ್ಟು ಎಂಬ ಜಾಗವನ್ನು ಮಾತ್ರ ಖಾಲಿ ಬಿಡಿಸಿದ್ದೇನೆ.

ಸ್ಥಳ: ಬರ್ಲಾದ್
ದಿನಾಂಕ: 12 ನವೆಂಬರ್ 2024
ಸಹಿ: ಅಗ್ರಿಪಿನಾ ತನಾಸೆ