ಬೀದಿ ಬೇವಿನ ಮದುವೆಗೆ ಮುಯ್ಯಿ ನೀರು

ಈಗ ನಾನು ಹೇಳೋದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ ನನ್ನ ಮೀಸೆ ಉದುರಿ ಈ ಜಗಲಿ ಮೇಲೇ ಬೀಳಲಿ. ನಮ್ಮ ವಂಶದಲ್ಲಿ ಸುಳ್ಳು ಹೇಳಿದವರೇ ಇಲ್ಲ. ಹೇಳಿದವರನ್ನು ನಾವು ವಂಶಕ್ಕೆ ಸೇರಿಸಿಕೊಂಡಿಲ್ಲ. ಹೂಂ ಅನ್ನಿ. ಹೂಂ ಅನ್ನೋರಿಲ್ಲದಿದ್ದರೆ ಕಥೆ ಒಣಗುತ್ತೆ, ಕಥೆ ಹೇಳೋನ ಬಾಯೂ ಒಣಗುತ್ತೆ.

ಏಳು ಹಳ್ಳ ಈಜಿ, ಎಂಟನೇ ಹಳ್ಳದಲ್ಲಿ ನೀರಿಲ್ಲದೆ ನಡೆದೇ ಹೋದರೆ ಒಂದು ಪಟ್ಟಣ. ಅದಕ್ಕೊಂದು ಹೆಸರಿತ್ತು, ಬಿಸಿಲಿಗೆ ಆವಿಯಾಗಿ ಹೋಯಿತು. ಬಿಸಿಲು ಎಂಥದ್ದು ಅಂತೀರಿ? ಎಮ್ಮೆ ಕರೆದರೆ ಹಾಲು ಕೆನೆ ಕಟ್ಟಿಕೊಂಡೇ ಚೊಂಬಿಗೆ ಬೀಳುತ್ತಿತ್ತು. ಮನುಷ್ಯರ ನೆರಳು ಕೂಡ ಹೆದರಿ ಅವರವರ ಕಾಲಡಿಗೆ ಸೇರಿಕೊಳ್ಳುತ್ತಿತ್ತು.

ಅಂಥ ಊರಿನ ಅರಸನಿಗೆ ಗಿಡ ನೆಡೋದು ಅಂದರೆ ಪ್ರಾಣ. ವರ್ಷ ವರ್ಷ ನೆಡುತ್ತಿದ್ದ. ಚಪ್ಪರ, ವಾಲಗ, ಹೂವಿನ ಹಾರ. ಬೆಳ್ಳಿ ಗುದ್ದಲಿಯಲ್ಲಿ ಒಂದು ಹಿಡಿ ಮಣ್ಣು. ಜನ ಜೈ ಅಂದರೆ ಅರಸ ಅರಮನೆಗೆ, ಜನ ಮನೆಗೆ. ಸಸಿ? ಸಸಿ ಬಿಸಿಲಿಗೆ. ಮುಂದಿನ ವರ್ಷ ಅದೇ ಗುಂಡಿ, ಅದೇ ಗುದ್ದಲಿ, ಬೇರೆ ಸಸಿ. ಆ ಗುಂಡಿಗಳಿಗೆ ಎಷ್ಟು ಅಭ್ಯಾಸ ಆಗಿತ್ತು ಅಂದರೆ, ವಾಲಗದ ಸದ್ದು ಕೇಳಿದರೆ ಸಾಕು, ತಾವೇ ಬಾಯಿ ತೆರೆಯುತ್ತಿದ್ದವು.

ಸಸಿಗಳಿಗೆ ನೀರು ಹೊರೋಕೆ ಅರಮನೆ ಇಟ್ಟಿದ್ದು ಒಬ್ಬನೇ ಆಳು. ಅವನೇ ದ್ಯಾವಣ್ಣ. ಹೆಗಲ ಮೇಲೊಂದು ಅಡ್ಡೆ, ಅಡ್ಡೆಯ ಎರಡು ತುದಿಗೆ ಎರಡು ಕೊಡ. ಕೆರೆಯಿಂದ ಬೀದಿಗೆ, ಬೀದಿಯಿಂದ ಕೆರೆಗೆ. ಕೆಲಸಕ್ಕೆ ಸೇರಿದಾಗ ಅವನ ಮೀಸೆ ಚಿಗುರುತ್ತಿತ್ತು. ಅವತ್ತು ಅರಸ ಮಾತು ಕೊಟ್ಟಿದ್ದ, "ನೆಟ್ಟ ಗಿಡ ಮೂರು ಬೇಸಿಗೆ ದಾಟಿ ನಿಂತರೆ ನಿನಗೆ ಬಿಡುಗಡೆ. ಆಮೇಲೆ ಅಡ್ಡೆ ಇಳಿಸಿ ಕೂತುಣ್ಣು."

ಮೂರು ಬೇಸಿಗೆ ಏನು ಮಹಾ, ಅಂದುಕೊಂಡ ದ್ಯಾವಣ್ಣ. ಈಗ ಮೀಸೆ ನರೆತಿತ್ತು. ಹೆಗಲು ಅಡ್ಡೆಯ ಆಕಾರಕ್ಕೆ ಬಗ್ಗಿತ್ತು. ಅಡ್ಡೆ ಇಲ್ಲದಾಗಲೂ ಎರಡು ಕೈ ಗಾಳಿಯಲ್ಲಿ ಕೊಡ ಹಿಡಿದೇ ನಡೆಯುತ್ತಿದ್ದ. ಒಂದು ಬೀದಿಗೆ ಹುಯ್ದು ಬರೋದರೊಳಗೆ ಇನ್ನೊಂದು ಬೀದಿ ಒಣಗುತ್ತಿತ್ತು. ಯಾವ ಸಸಿಯೂ ಮೂರನೇ ಬೇಸಿಗೆಯ ಮುಖ ನೋಡಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ. ಸಾಯೋ ಮುಂಚೆ ಆ ಅಡ್ಡೆ ಇಳಿಸಬೇಕು. ಹೆಣದ ಹೆಗಲಿಂದ ಯಾರೋ ಇಳಿಸೋ ಹಾಗಾಗಬಾರದು.

ಬೀದಿಯವರನ್ನ ಕೇಳಬಹುದಿತ್ತಲ್ಲ ಅಂತೀರಾ? ಕೇಳಿದ. ಅವರು ಅಂದದ್ದು, ಅದು ಅರಮನೆ ಗಿಡ, ಅರಮನೆಯವರೇ ನೋಡಿಕೊಳ್ಳಲಿ. ಅವರಿಗೆ ಬೇಕಾದದ್ದು ನೆರಳು ಮಾತ್ರ.

ಸರಿ, ಅರಮನೆಗೇ ಹೋದ. ಒಂದು ಸಲ ಹೋದ, ಇನ್ನೊಂದು ಆಳು ಕೊಡಿ ಅಂದ. ಖಜಾನೆ ಬಕ್ಷಿ ಇನ್ನೊಂದು ಗಾಡಿ ಸಸಿ ಕೊಟ್ಟು ಕಳಿಸಿದ. ಎರಡನೇ ಸಲ ಹೋದ, ಒಂದು ಎತ್ತಿನ ಗಾಡಿ, ಒಂದು ನೀರಿನ ಪೀಪಾಯಿ ಕೊಡಿ ಅಂದ. ಬಕ್ಷಿ ಪ್ರತಿ ಗುಂಡಿಗೂ ಅರಸನ ಹೆಸರು ಕೊರೆದ ಕಲ್ಲು ಕೊಟ್ಟ. ಕಲ್ಲು ಹೊತ್ತವನೂ ದ್ಯಾವಣ್ಣನೇ. ಮೂರನೇ ಸಲ ಹೋದ, ಏನೂ ಬೇಡ, ಬೇಸಿಗೆಗೆ ಅಂತ ಖಜಾನೆಯಲ್ಲಿ ಒಂದಿಷ್ಟು ತೆಗೆದಿಡಿ ಅಂದ. ಬಕ್ಷಿ ಪಾಪ, ಕೋಪಿಸಿಕೊಳ್ಳಲಿಲ್ಲ. ಎಲೆ ಅಡಿಕೆ ಮಡಿಸುತ್ತ ತಿಳಿಹೇಳಿದ:

"ದ್ಯಾವಣ್ಣ, ನೆಡೋದು ಅರಸನ ಧರ್ಮ. ಬದುಕೋದು ಸಸಿಯ ಕರ್ಮ. ಧರ್ಮಕ್ಕೆ ಖಜಾನೆಯಲ್ಲಿ ಜಾಗ ಇದೆ. ಕರ್ಮಕ್ಕೆ ಎಲ್ಲಿಂದ ತರಲಿ?"

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರೆ. ಇಲ್ಲಿ ಕೊಟ್ಟೂ ಇಲ್ಲ, ಇಸ್ಕೊಂಡೂ ಇಲ್ಲ, ಕೋಡಂಗಿ ಮಾತ್ರ ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಚಿಕ್ಕತಾಯಿ ಮಡಕೆಯ ತಳ ಕೆರೆದು ಒಂದು ಸೇರು ಅಕ್ಕಿ ಅಳೆಯುತ್ತಿದ್ದಳು. ಅಳೆದು, ಮೇಲೊಂದು ಹಿಡಿ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿದಳು. ಮನೆಯಲ್ಲಿ ಇದ್ದದ್ದೇ ಅಷ್ಟು ಅಕ್ಕಿ.

"ಇದು ಎಲ್ಲಿಗೆ?" ಅಂದ ದ್ಯಾವಣ್ಣ.

"ಕುಂಬಾರಬೀದಿ ಕೆಂಚಣ್ಣನ ತಂಗಿ ಮದುವೆಗೆ ಮುಯ್ಯಿ."

"ನಾವು ರಾತ್ರಿಗೆ ಏನು ಉಣ್ಣೋದು?"

"ನೀರು ಕುಡಿದು ಮಲಗೋದು. ನಿಮ್ಮ ಹತ್ರ ಅದೊಂದಕ್ಕೆ ಬರ ಇಲ್ಲವಲ್ಲ," ಅಂದಳು ಚಿಕ್ಕತಾಯಿ. "ನಮ್ಮ ಮದುವೆಗೆ ಅವನ ಅವ್ವ ಒಂದು ಸೇರು ಹಾಕಿದ್ದಳು. ನಾವು ಮೇಲೊಂದು ಹಿಡಿ ಸೇರಿಸಿ ತೀರಿಸಬೇಕು. ನಾಳೆ ಆ ಹಿಡಿಗೆ ಅವರು ಇನ್ನೊಂದು ಹಿಡಿ ಸೇರಿಸ್ತಾರೆ. ಹೊಟ್ಟೆಗಾದರೆ ನಾಳೆ ಬಾ ಅನ್ನಬಹುದು, ಮುಯ್ಯಿಗೆ ಅನ್ನೋಕಾಗುತ್ತಾ?"

ದ್ಯಾವಣ್ಣ ಆ ಗಂಟನ್ನೇ ನೋಡುತ್ತ ಕೂತ. ಅರಮನೆ ತೆರಿಗೆ ಅಂದರೆ ಈ ಊರು ಹಿತ್ತಲ ಬಾಗಿಲಿಂದ ಓಡುತ್ತೆ. ದಾನ ಅಂದರೆ ನಿದ್ದೆ ಬಂದ ಹಾಗೆ ಮಾಡುತ್ತೆ. ಆದರೆ ಮುಯ್ಯಿ? ಉಪವಾಸ ಬಿದ್ದಾದರೂ ತೀರಿಸುತ್ತೆ. ಅದೂ ಮೇಲೊಂದು ಹಿಡಿ ಸೇರಿಸಿ.

ಬೆಳಗಾಗೋದೇ ತಡ, ಊರೆಲ್ಲ ಸುತ್ತಿ ವೀಳ್ಯ ಕೊಟ್ಟ. ಕುಂಬಾರಬೀದಿಯ ಬೇವಿನ ಸಸಿ ನನ್ನ ಮಗಳು, ಅಂದ. ಗಾಣಿಗರಬೀದಿಯ ಅರಳಿ ಸಸಿಗೆ ಕೊಡ್ತಿದ್ದೀನಿ, ಎಲ್ಲರೂ ಬರಬೇಕು, ಅಕ್ಕಿ ಬೇಡ, ಕುಪ್ಪಸ ಬೇಡ, ಮನೆಗೊಂದು ಕೊಡ ನೀರು ಮುಯ್ಯಿ ಸಾಕು. ಜನ ನಕ್ಕರು. ಮಕ್ಕಳಿಲ್ಲದ ದಂಪತಿ, ಪಾಪ, ಮಗಳು ಅಂತಾರೆ, ಹೋಗಲಿ ಬಿಡಿ ಅಂದರು. ಮರಕ್ಕೆ ಮದುವೆ ಮಾಡೋದು ಹೊಸದೂ ಅಲ್ಲವಲ್ಲ. ಮದುವೆ ಅಂದಮೇಲೆ ಬರದೇ ಇರೋದು ಹೇಗೆ?

ಅರಳಿ ಸಸಿ ಇದ್ದದ್ದು ಗಾಣದ ಹೊಂಬಾಳಮ್ಮನ ಮನೆ ಎದುರು. ಹಾಗಾಗಿ ಗಂಡಿನ ತಾಯಿ ಅವಳೇ ಆದಳು. ಹೊಂಬಾಳಮ್ಮನ ನಾಲಗೆ ಎಂಥದ್ದು ಅಂದರೆ, ಅವಳು ಬೈದರೆ ಎಳ್ಳು ಗಾಣಕ್ಕೆ ಬೀಳೋ ಮುಂಚೆಯೇ ಎಣ್ಣೆ ಬಿಡುತ್ತಿತ್ತು. ಹೆಣ್ಣು ನೋಡೋ ಶಾಸ್ತ್ರಕ್ಕೆ ಬಂದು ಬೇವಿನ ಸುತ್ತ ಒಂದು ಸುತ್ತು ಹಾಕಿದಳು.

"ಹುಡುಗಿ ಸ್ವಲ್ಪ ಸೊರಗಿದಾಳೆ," ಅಂದಳು. "ಈ ಬೀದಿಯವರು ಹೊಟ್ಟೆಗೆ ಹಾಕೋ ಹಾಗೆ ಕಾಣೆ."

ಕುಂಬಾರಬೀದಿಯ ಹೆಂಗಸರ ಮುಖ ಕೆಂಪಾಯಿತು. ಅದುವರೆಗೆ ಆ ಸಸಿಯ ಕಡೆ ತಿರುಗಿ ನೋಡಿದವರಲ್ಲ. ಅವತ್ತು ಸಂಜೆ ಕಲಗಚ್ಚು ಚೆಲ್ಲೋರು ಕೂಡ ಅದರ ಬುಡ ನೋಡಿಕೊಂಡು ಚೆಲ್ಲಿದರು.

ಮದುವೆ ನಡೆಯಿತು. ಹೆಣ್ಣು ಅವಳ ಬೀದಿಯಲ್ಲಿ, ಗಂಡು ಅವನ ಬೀದಿಯಲ್ಲಿ, ನಡುವೆ ಒಂದು ಅರಿಶಿನದ ದಾರ. ಅತ್ತೆ ಮನೆಗೆ ಹೋಗೋ ಮಾತಿಲ್ಲ, ತವರಿಗೆ ಓಡಿ ಬರೋ ಮಾತಿಲ್ಲ. ಅಷ್ಟು ಸುಖವಾದ ಮದುವೆ ನಾನು ಇನ್ನೆಲ್ಲೂ ಕಂಡಿಲ್ಲ. ದ್ಯಾವಣ್ಣ ಧಾರೆ ಎರೆದ. ಊರೆಲ್ಲ ಮನೆಗೊಂದು ಕೊಡ ತಂದು ಬೇವಿನ ಬುಡಕ್ಕೆ ಹುಯ್ದಿತು. ಬೇವು ಆವರೆಗೆ ಅಷ್ಟು ನೀರು ಕಂಡಿರಲಿಲ್ಲ, ಬಿಕ್ಕಳಿಸಿತು. ಕಿವಿಯಾರೆ ಕೇಳಿದವರಿಂದ ನಾನು ಕೇಳಿದ್ದೀನಿ.

ಆಮೇಲೆ ನೋಡಿ ಶುರುವಾದದ್ದು. ಕುಂಬಾರಬೀದಿಗೆ ಗಾಣಿಗರಬೀದಿ ನೀರು ಹಾಕಿತ್ತು, ಕುಂಬಾರಬೀದಿ ಸುಮ್ಮನಿರುತ್ತಾ? ಅರಳಿಯ ಬುಡಕ್ಕೆ ಒಂದು ಕೊಡ, ಮೇಲೊಂದು ಚೊಂಬು. ಹೂವಾಡಿಗರಬೀದಿಯವರು ತಾವು ಹಾಕಿದ್ದು ವಾಪಸು ಬರಬೇಕಲ್ಲ ಅಂತ ತಮ್ಮ ಹೊಂಗೆಗೆ ಗಂಡು ಹುಡುಕಿದರು. ಹೊಂಗೆ ಮದುವೆ ಆಯಿತು, ಅತ್ತಿ ಮದುವೆ ಆಯಿತು, ನೇರಳೆ ಮದುವೆ ಆಯಿತು. ಮದುವೆ ಮುಗಿದರೆ ಬಯಕೆ ಊಟ. ಮರ ಹೂ ಬಿಟ್ಟರೆ ಸೀಮಂತ. ಕಾಯಿ ಕಚ್ಚಿದರೆ ತೊಟ್ಟಿಲು ಶಾಸ್ತ್ರ. ಪ್ರತಿ ಶಾಸ್ತ್ರಕ್ಕೂ ಮುಯ್ಯಿ, ಪ್ರತಿ ಮುಯ್ಯಿಗೂ ಮೇಲೊಂದು ಚೊಂಬು, ಆ ಚೊಂಬಿಗೆ ಇನ್ನೊಂದು ಚೊಂಬು.

ಮುಯ್ಯಿ ಅಂದಮೇಲೆ ಕೊಂಕೂ ಇರಬೇಕಲ್ಲ. ಅವರ ಕೊಡದ ಸೊಂಟ ಸಣ್ಣ ಅಂತ ಇವರು, ಇವರು ದಾರಿಯಲ್ಲಿ ಅರ್ಧ ತುಳುಕಿಸ್ತಾರೆ ಅಂತ ಅವರು. ಕುಂಬಾರ ಕೆಂಚಣ್ಣನ ಹತ್ತಿರ ಎಲ್ಲರೂ ದೊಡ್ಡ ಕೊಡವೇ ಕೇಳಿದರು. ಕೊಡ ಎಷ್ಟು ದೊಡ್ಡದಾಯಿತು ಅಂದರೆ, ಒಂದರೊಳಗೆ ಕರು ಬಿದ್ದು ಹೋರಿಯಾಗಿ ಎದ್ದು ಬಂತು. ಹೂಂ ಅನ್ನಿ.

ದ್ಯಾವಣ್ಣ? ಅವನು ದಿನವೂ ಅಡ್ಡೆ ಹೊರುತ್ತಲೇ ಇದ್ದ. ಮದುವೆಯಾಗದ ಸಸಿ, ಊರಾಚೆ ಗಡಿಗಲ್ಲಿನ ಪಕ್ಕದ ಸಸಿ, ನೆಂಟರಿಷ್ಟರಿಲ್ಲದ ಸಸಿ ಇನ್ನೂ ಇದ್ದವು. ಆದರೆ ಈಗ ಲೆಕ್ಕ ಹಾಕುತ್ತಿದ್ದ. ಒಂದು ಬೇಸಿಗೆ ಹೋಯಿತು, ಮರಗಳು ನಿಂತವು. ಎರಡನೇ ಬೇಸಿಗೆ ಹೋಯಿತು, ಮರಗಳು ನಿಂತವು. ಮೂರನೇ ಬೇಸಿಗೆಯಲ್ಲಿ ರಾತ್ರಿ ಮಲಗಿದರೆ ಕಾಲು ನೋಯುತ್ತಿತ್ತು, ಹಗಲು ನಿಂತರೆ ಬೆನ್ನು ನೋಯುತ್ತಿತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂದುಕೊಂಡು ನಡೆದ. ಮೂರನೇ ಬೇಸಿಗೆಯೂ ಹೋಯಿತು. ಮರಗಳು ನಿಂತೇ ಇದ್ದವು.

ಸುದ್ದಿ ಅರಮನೆ ಮುಟ್ಟಿತು. ಅರಸ ತಾನೇ ನೋಡಬೇಕು ಅಂತ ನಡೆದು ಬಂದ. ತಲೆ ಮೇಲೆ ಕೊಡೆಯಿಲ್ಲ, ಮೈಯೆಲ್ಲ ಬೆವರು. ಬೀದಿ ತುಂಬ ಕಪ್ಪು ನೆರಳು ಹಾಸಿತ್ತು. ಬಕ್ಷಿ ಮುಂದೆ ಬಂದು, ಎಲ್ಲ ನಮ್ಮ ಖಜಾನೆಯ ಮರಗಳು ಮಹಾಪ್ರಭು, ಅಂದ. ಅರಸ ಗಾಣದ ಎದುರು ನಿಂತಿದ್ದ ಹೊಂಬಾಳಮ್ಮನನ್ನು ಕೇಳಿದ, ಇದು ಯಾರ ಮರ ತಾಯಿ, ಅಂತ.

"ಇವನು ನನ್ನ ಮಗ," ಅಂದಳು ಹೊಂಬಾಳಮ್ಮ. "ಬುದ್ಧಿ, ಸ್ವಲ್ಪ ದೂರ ನಿಂತ್ಕೊಳ್ಳಿ. ಬೇರು ತುಳೀತಿದ್ದೀರಿ."

ಅರಸ ಸರಿದು ನಿಂತ. ನಕ್ಕ. ದ್ಯಾವಣ್ಣನನ್ನು ಕರೆಸಿ ಎಲ್ಲರ ಎದುರು ಬಿಡುಗಡೆ ಕೊಟ್ಟ. ಬಕ್ಷಿ ಅಲ್ಲೇ ಒಂದು ಮಾತು ಸೇರಿಸಿದ, ಹಾಗಿದ್ದರೆ ನೀರಾಳಿನ ಕೆಲಸವನ್ನೇ ತೆಗೆದುಬಿಡೋಣ, ಉಳಿದದ್ದರಲ್ಲಿ ಹೊಸ ಗುಂಡಿ ತೋಡಿಸೋಣ, ಅಂತ. ಅರಮನೆಯ ಬುದ್ಧಿ ಅರಮನೆಗೆ.

ದ್ಯಾವಣ್ಣ ಮನೆಗೆ ಬಂದು ಅಡ್ಡೆಯನ್ನು ಗೋಡೆಗೆ ಒರಗಿಸಿದ. ಹಗುರಾಗಿದ್ದೀನಾ ಅಂತ ಹೆಗಲು ಮುಟ್ಟಿ ನೋಡಿಕೊಂಡ. ಚಿಕ್ಕತಾಯಿ ಚಾಪೆ ಹಾಸಿದಳು. ಇನ್ನೇನು ತಲೆ ಇಡಬೇಕು, ಬಾಗಿಲಲ್ಲಿ ಹೊಂಬಾಳಮ್ಮ.

"ಬೀಗಪ್ಪ, ಅರಳಿ ಕಾಯಿ ಕಚ್ಚಿದೆ. ನಾಳೆ ತೊಟ್ಟಿಲು ಶಾಸ್ತ್ರ. ಮುಯ್ಯಿ ತರಬೇಕಲ್ಲ."

"ನಾನೇ? ಜೀವಮಾನವೆಲ್ಲ ಇದೇ ಬೀದಿಗೆ ನೀರು ಹೊತ್ತಿದ್ದೀನಲ್ಲಮ್ಮ."

"ಅದು ಅರಮನೆಯ ಸಂಬಳದ ನೀರು. ಅದು ಮುಯ್ಯಿಗೆ ಸೇರುತ್ತಾ? ನಿನ್ನ ಮಗಳ ಮದುವೆಗೆ ಊರು ಊರೇ ಮನೆಗೊಂದು ಕೊಡ ಹಾಕಿತ್ತು. ನೀನು ಒಬ್ಬರಿಗಾದರೂ ತೀರಿಸಿದ್ದೀಯಾ?"

ದ್ಯಾವಣ್ಣ ಎದ್ದು ಕೂತ. ಹೌದಲ್ಲ. ಊರಿಗೆಲ್ಲ ಮುಯ್ಯಿಯ ಗಂಟು ಕಟ್ಟಿದವನು ತಾನು ಒಂದು ಹನಿಯೂ ತೀರಿಸಿರಲಿಲ್ಲ. ಅರಸನ ಸಾಲದಿಂದ ಬಿಡಿಸಿಕೊಂಡವನು ಊರಿನ ಸಾಲಕ್ಕೆ ಬಿದ್ದಿದ್ದ. ಚಿಕ್ಕತಾಯಿಯ ಮುಖ ನೋಡಿದ. ಅವಳು ಚಾಪೆ ಸುತ್ತಿದಳು.

ಮಾರನೇ ದಿನ ಕೆರೆಗೆ ಹೋಗಿ ಎರಡು ಕೊಡ ತುಂಬಿ, ಅಡ್ಡೆ ಹೊತ್ತು, ಗಾಣಿಗರಬೀದಿಯ ತಿರುವಿಗೆ ಬಂದ. ಬೀದಿಯ ಬಾಯಲ್ಲೇ ನಾಲ್ಕಾರು ಜನ ಅಡ್ಡ ಬಂದರು. ಕೆಂಚಣ್ಣ ಅವನ ಹೆಗಲಿಂದ ಅಡ್ಡೆ ತೆಗೆದು ತನ್ನ ಹೆಗಲಿಗೆ ಇಟ್ಟುಕೊಂಡ. "ನಮ್ಮ ಬೀದಿ ಹೆಣ್ಣಿನ ಅಪ್ಪ ನೀನು. ಬೀಗರ ಬೀದಿಯಲ್ಲಿ ನೀನು ಹೊರೆ ಹೊತ್ತರೆ ನಾವು ಹೆಣ್ಣು ಕೊಟ್ಟವರು ತಲೆ ಎತ್ತೋದು ಹೇಗೆ?" ಅಂದ. ಹೊಂಬಾಳಮ್ಮ, ನಮ್ಮ ಬೀದಿಗೆ ಬಂದ ಬೀಗರ ಕೈಲಿ ಕೆಲಸ ಮಾಡಿಸಿದರು ಅಂತ ನಾಳೆ ನೀವೇ ಆಡ್ಕೋತೀರಿ, ಕೂರಿಸಿ ಅವರನ್ನ, ಅಂದಳು. ದ್ಯಾವಣ್ಣ ಕೊಡ ಮುಟ್ಟಿದರೆ ಸಾಕು, ಹುಯ್ಯೋರು ಬೇರೆಯವರು. ಊರಿನ ಅಷ್ಟೂ ಬೀದಿಯಲ್ಲಿ ಅಷ್ಟೂ ಮುಯ್ಯಿಯನ್ನು ಅವನು ಹಾಗೇ ಕೈ ಮುಟ್ಟಿ ತೀರಿಸಿದ.

ಆ ಮೊದಲ ದಿನ ಅವನನ್ನು ಅರಳಿಕಟ್ಟೆ ಮೇಲೆ ಕೂರಿಸಿದರು. ಕೂತು ಅಭ್ಯಾಸ ಇಲ್ಲ, ಎರಡು ಕೈ ಎಲ್ಲಿಡೋದು ಗೊತ್ತಾಗಲಿಲ್ಲ. ಮಡಿಲಲ್ಲಿ ಇಟ್ಟುಕೊಂಡ. ಎಲೆಗಳು ಸದ್ದು ಮಾಡಿದವು. ಏನೋ ಹೇಳೋಕೆ ಬಾಯಿ ತೆರೆದವನು ಅರ್ಧ ಮಾತಿಗೇ ಕಣ್ಣು ಮುಚ್ಚಿದ. ಹೊಂಬಾಳಮ್ಮ ಗಾಣದ ಎತ್ತಿನ ಗಂಟೆ ಬಿಚ್ಚಿಸಿದಳು. ಹೊತ್ತು ನೆತ್ತಿಗೆ ಬಂತು, ಹೊತ್ತು ಪಡುವಣಕ್ಕೆ ಸರಿಯಿತು. ನೆರಳು ಮಾತ್ರ ಸರಿಯಲಿಲ್ಲ. ಅವನು ಏಳೋವರೆಗೆ ಅವನ ಮೇಲೇ ನಿಂತಿತ್ತು.

ಹಾಗೆ ನೋಡಬೇಡಿ. ನೆರಳು ಸರಿಯದೇ ನಿಂತದ್ದು ನಿಜ. ಬೇವು ಬಿಕ್ಕಳಿಸಿದ್ದು ನಿಜ. ಕರು ಹೋರಿಯಾಗಿ ಬಂದದ್ದು, ಅದರ ಕರುವಿನ ಕರುವನ್ನು ನಮ್ಮ ತಾತನೇ ಕಟ್ಟಿದ್ದ. ಒಂದೇ ಒಂದು ಸಣ್ಣದನ್ನ ಕಥೆ ಚೆನ್ನಾಗಿರಲಿ ಅಂತ ನಾನು ಸೇರಿಸಿದೆ. ಅರಸ ಬಿಸಿಲಲ್ಲಿ ನಡೆದು ಬಂದ ಅಂದೆನಲ್ಲ? ಬಂದದ್ದು ಪಲ್ಲಕ್ಕಿಯಲ್ಲಿ.

ಅವರು ಆ ಮರದ ನೆರಳಲ್ಲಿ, ನಾವು ಈ ಮಾತಿನ ನೆರಳಲ್ಲಿ. ಹೂಂ ಅಂದವರ ಬಾಯಿ ತಣ್ಣಗಿರಲಿ. ಈಗ ಯಾರಾದರೂ ಎದ್ದು ನನಗೊಂದು ಚೊಂಬು ನೀರು ಕೊಡಿ.